ಮೂವರ ಶಾಖೆಯ ಹಾದಿ: ಶಾಂಘೈಯಿಂದ ಬೀಜಿಂಗ್‌ವರೆಗೆ ಹನ್ನೆರಡು ದಿನ

ಹೊರಡುವ ಮುನ್ನ

ಚೀನಾದ ಕಮ್ಯುನಿಸ್ಟ್ ಪಕ್ಷಕ್ಕೆ 2024ರ ಕೊನೆಗೆ 10 ಕೋಟಿ ಮೀರಿ ಸದಸ್ಯರಿದ್ದರು, ತಳಮಟ್ಟದ ಘಟಕಗಳು 52 ಲಕ್ಷ ದಾಟಿದ್ದವು. ಇಷ್ಟು ದೊಡ್ಡ ಯಂತ್ರದ ಬಿಡಿಭಾಗಗಳು ಒಂದೇ ಕಡೆ ತಯಾರಾದವಲ್ಲ. ಶಾಖೆ ಒಂದೂರಲ್ಲಿ, ಶಿಸ್ತು ಸಮಿತಿ ಇನ್ನೊಂದೂರಲ್ಲಿ, ಮೇಲಿನವರಿಗೆ ವರದಿ ಬರೆಯುವ ಕ್ರಮ ಮತ್ತೊಂದು ಕಡೆ. ಆ ಊರುಗಳನ್ನು ಕಾಲಕ್ರಮದಲ್ಲಿ ನೋಡುತ್ತ ಹೋದರೆ ಪಕ್ಷದ ರಚನೆ ತಾನಾಗಿ ಅರ್ಥವಾಗುತ್ತದೆ. ಚೀನಾ ಸರ್ಕಾರ 2004ರಿಂದ 'ಕೆಂಪು ಪ್ರವಾಸ' ಎಂಬ ಹೆಸರಿನಲ್ಲಿ ಈ ತಾಣಗಳಿಗೆ ಜನರನ್ನು ಕರೆತರುತ್ತಿದೆ. ಹಾಗಾಗಿ ರಸ್ತೆ, ಹೋಟೆಲು, ಶೌಚಾಲಯಕ್ಕೆ ಕೊರತೆಯಿಲ್ಲ. ಕೊರತೆ ಇರುವುದು ಇಂಗ್ಲಿಷ್ ವಿವರಣೆಗೆ. ಫೋನಿನಲ್ಲಿ ಅನುವಾದದ ಆ್ಯಪ್ ಇರಲೇಬೇಕು.

ಭಾರತೀಯರಿಗೆ ಪ್ರವಾಸಿ ವೀಸಾ ಮತ್ತೆ ಸಿಗುತ್ತಿದೆ. ಅಲಿಪೇ ಅಥವಾ ವೀಚಾಟ್ ಇಲ್ಲಿಂದಲೇ ಹಾಕಿಕೊಂಡು ಅಂತರರಾಷ್ಟ್ರೀಯ ಕಾರ್ಡ್ ಜೋಡಿಸಿ, ಅಲ್ಲಿಗೆ ಹೋದ ಮೇಲೆ ನಮ್ಮ ಯುಪಿಐ ನೆಚ್ಚಬೇಡಿ. ರೈಲಿಗೆ 12306 ಎಂಬ ಅಧಿಕೃತ ಆ್ಯಪ್ ಇದೆ. ಟಿಕೆಟ್ ಸಾಮಾನ್ಯವಾಗಿ 15 ದಿನ ಮುಂಚೆ ತೆರೆಯುತ್ತದೆ. ಹೆಚ್ಚಿನ ತೊಡಕು ಆಗುವುದು ಹೆಸರಿನಲ್ಲಿ. ತಂದೆಯ ಹೆಸರು, ಊರಿನ ಹೆಸರು ಎಲ್ಲ ಸೇರಿ ಪಾಸ್‌ಪೋರ್ಟಿನಲ್ಲಿ ಹೇಗೆ ಅಚ್ಚಾಗಿದೆಯೋ ಹಾಗೆಯೇ ಟಿಕೆಟಿನಲ್ಲೂ ಇರಬೇಕು, ಇನಿಶಿಯಲ್ ಹಾಕಿ ಮೊಟಕು ಮಾಡಿದರೆ ತಪಾಸಣೆಯಲ್ಲಿ ನಿಲ್ಲಿಸುತ್ತಾರೆ. ಮ್ಯೂಸಿಯಂಗಳಲ್ಲಿ ಬಹುತೇಕ ಪ್ರವೇಶ ಉಚಿತ, ಆದರೆ ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ಮೊದಲೇ ಸಮಯ ಕಾಯ್ದಿರಿಸಬೇಕು. ಹಲವು ತಾಣಗಳಿಗೆ ಸೋಮವಾರ ರಜೆ. ಮೇ 1 ಮತ್ತು ಅಕ್ಟೋಬರ್ 1ರ ಆಸುಪಾಸಿನ ವಾರಗಳಲ್ಲಿ ಈ ದಾರಿ ಹಿಡಿಯಲೇಬೇಡಿ.

ಮೊದಲ ದಿನ: ಶಾಂಘೈ, ಶಿಂಗ್‌ಯೆ ರಸ್ತೆ 76

ಮೆಟ್ರೊ ಸಾಲು 10 ಅಥವಾ 13ರಲ್ಲಿ ಶಿನ್‌ತಿಯಾಂದಿ ನಿಲ್ದಾಣ. 2021ರಲ್ಲಿ ಪಕ್ಷಕ್ಕೆ ನೂರು ತುಂಬಿದಾಗ ನಿಲ್ದಾಣದ ಹೆಸರಿನ ಮುಂದೆ 'ಮೊದಲ ಅಧಿವೇಶನದ ತಾಣ' ಎಂದು ಸೇರಿಸಿದರು. ಹೊರಗೆ ಬಂದರೆ ಒಂದು ಕಡೆ ದುಬಾರಿ ಅಂಗಡಿಗಳು, ಕೆಫೆಗಳು. ಇನ್ನೊಂದು ಕಡೆ ಬೂದು ಇಟ್ಟಿಗೆಯ, ಕಲ್ಲಿನ ಚೌಕಟ್ಟಿನ ಬಾಗಿಲಿನ ಸಾಲುಮನೆ. ಕಾಫಿ ಕುಡಿಯುವವರಿಗೂ ಕ್ರಾಂತಿಯ ಮನೆಗೆ ಸಾಲು ನಿಂತವರಿಗೂ ನಡುವೆ ಒಂದು ರಸ್ತೆ ಅಷ್ಟೆ.

ಇದು ಪ್ರತಿನಿಧಿ ಲಿ ಹಾನ್‌ಜುನ್ ಅವರ ಅಣ್ಣನ ಮನೆಯಾಗಿತ್ತು. 1921ರ ಜುಲೈ 23ರಂದು ಕೆಳಗಿನ ಸುಮಾರು 18 ಚದರ ಮೀಟರಿನ ಕೋಣೆಯಲ್ಲಿ 13 ಮಂದಿ ಸೇರಿದರು, ಜೊತೆಗೆ ಮಾಸ್ಕೋದ ಅಂತರರಾಷ್ಟ್ರೀಯ ಕಮ್ಯುನಿಸ್ಟ್ ಒಕ್ಕೂಟವಾದ ಕೊಮಿಂಟರ್ನ್ ಕಡೆಯಿಂದ ಮಾರಿಂಗ್ ಮತ್ತು ನಿಕೋಲ್ಸ್ಕಿ. ಆಗ ದೇಶದಲ್ಲೆಲ್ಲ ಇದ್ದ ಸದಸ್ಯರು ಐವತ್ತಕ್ಕೆ ತುಸು ಹೆಚ್ಚು. ಮುಖ್ಯಸ್ಥರಾಗಿ ಆಯ್ಕೆಯಾದ ಚೆನ್ ದುಷಿಯು ಸಭೆಗೆ ಬಂದೇ ಇರಲಿಲ್ಲ. ಪಕ್ಷದ ಹುಟ್ಟುಹಬ್ಬ ಮಾತ್ರ ಜುಲೈ 1. 1938ರಲ್ಲಿ ದಿನ ಗೊತ್ತುಮಾಡಬೇಕಾಗಿ ಬಂದಾಗ ಸಭೆ ನಡೆದ ತಾರೀಖು ಯಾರಿಗೂ ಸರಿಯಾಗಿ ನೆನಪಿರಲಿಲ್ಲ, ತಿಂಗಳ ಮೊದಲ ದಿನವನ್ನು ಹಿಡಿದರು. ಜುಲೈ 23 ಖಚಿತವಾದದ್ದು ಬಹಳ ತಡವಾಗಿ.

ಮೊದಲ ಕಾರ್ಯಕ್ರಮ ಪತ್ರದ ಮುಂದೆ ಹೊತ್ತು ಕಳೆಯಿರಿ. ಚೀನೀ ಮೂಲ ಸಿಕ್ಕಿಲ್ಲ. ಮಾಸ್ಕೋದ ದಾಖಲೆಗಳಲ್ಲಿ ರಷ್ಯನ್ ಪ್ರತಿ, ಪ್ರತಿನಿಧಿಗಳಲ್ಲೊಬ್ಬರಾದ ಚೆನ್ ಗೋಂಗ್‌ಬೊ 1924ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಬರೆದ ಪ್ರಬಂಧದಲ್ಲಿ ಇಂಗ್ಲಿಷ್ ಪ್ರತಿ, ಇವೆರಡೇ ಗತಿ. ಎರಡರಲ್ಲೂ 15 ಕಲಮುಗಳ ಪಟ್ಟಿಯಲ್ಲಿ 11ನೆಯದು ಇಲ್ಲ. ಅದರಲ್ಲೇನಿತ್ತೆಂದು ಇವತ್ತಿಗೂ ತಿಳಿಯದು. ಈ ಚೆನ್ ಮತ್ತು ಇನ್ನೊಬ್ಬ ಪ್ರತಿನಿಧಿ ಝೌ ಫೊಹಾಯ್ ಮುಂದೆ ಜಪಾನಿನ ಕೈಗೊಂಬೆ ಸರ್ಕಾರ ಸೇರಿದರು. 1949ರ ಅಕ್ಟೋಬರ್ 1ರಂದು ತಿಯಾನನ್ಮೆನ್ ಮೇಲೆ ನಿಂತವರು 13ರಲ್ಲಿ ಇಬ್ಬರೇ, ಮಾವೋ ಮತ್ತು ದೋಂಗ್ ಬಿವು.

ಎರಡನೇ ದಿನ: ಶಾಂಘೈ, ನಿಯಮಾವಳಿಯ ಮನೆ

ಗುಂಪುಗಳು ಇಲ್ಲಿಗೆ ಕಡಿಮೆ ಬರುತ್ತವೆ. ನಮ್ಮ ಲೆಕ್ಕದಲ್ಲಿ ಶಾಂಘೈಯಲ್ಲಿ ನೋಡಲೇಬೇಕಾದ ಜಾಗವೆಂದರೆ ಇದೇ. ಹಳೆಯ ಉತ್ತರ ಚೆಂಗ್ದು ರಸ್ತೆಯ 7ನೇ ಓಣಿ, 30ನೇ ನಂಬರಿನ ಮನೆ. 1922ರ ಜುಲೈ 16ರಿಂದ 23ರವರೆಗೆ 12 ಪ್ರತಿನಿಧಿಗಳು 195 ಸದಸ್ಯರ ಪರವಾಗಿ ಎರಡನೇ ಅಧಿವೇಶನ ನಡೆಸಿ ಪಕ್ಷದ ಮೊದಲ ನಿಯಮಾವಳಿ ಒಪ್ಪಿದರು: 6 ಅಧ್ಯಾಯ, 29 ಕಲಮು.

ಅದನ್ನು ಓದಿದರೆ ಇದು ಹರಟೆ ಕೂಟವಲ್ಲ ಎಂದು ತಿಳಿಯುತ್ತದೆ. ತಿಂಗಳಿಗೆ 50 ಯುವಾನ್ ಒಳಗೆ ಸಂಬಳವಿದ್ದರೆ ಚಂದಾ 1 ಯುವಾನ್, ಅದಕ್ಕಿಂತ ಹೆಚ್ಚಿದ್ದರೆ ಸಂಬಳದ ಹತ್ತನೇ ಒಂದು ಪಾಲು. ಸಂಬಳವಿಲ್ಲದವರಿಗೂ 20 ಯುವಾನ್ ಮುಟ್ಟದ ಕಾರ್ಮಿಕರಿಗೂ 2 ಜಿಯಾವ್, ಅಂದರೆ ಯುವಾನಿನ ಐದನೇ ಒಂದು. ಕೆಲಸ ಕಳೆದುಕೊಂಡ ಕಾರ್ಮಿಕರಿಗೆ ಮತ್ತು ಜೈಲಿನಲ್ಲಿರುವ ಸದಸ್ಯರಿಗೆ ಮಾಫಿ. ಕಾರಣವಿಲ್ಲದೆ ಸತತ ಎರಡು ಸಭೆ ತಪ್ಪಿಸಿದರೆ, ಮೂರು ತಿಂಗಳು ಚಂದಾ ಬಾಕಿ ಉಳಿಸಿದರೆ, ನಾಲ್ಕು ವಾರ ಪಕ್ಷದ ಕೆಲಸ ಮಾಡದಿದ್ದರೆ, ಗುಟ್ಟು ಹೊರಗೆ ಹಾಕಿದರೆ ಉಚ್ಚಾಟನೆ.

ಈ ಪ್ರತಿ ಉಳಿದು ಬಂದ ಬಗೆಯೂ ಗೋಡೆಯ ಮೇಲಿದೆ. 1927ರಲ್ಲಿ ಕಮ್ಯುನಿಸ್ಟರ ಕೊಲೆಗಳು ಶುರುವಾದಾಗ ಝಾಂಗ್ ರೆನ್ಯಾ ಎಂಬ ಸದಸ್ಯ ಕಾಗದಗಳನ್ನು ನಿಂಗ್ಬೊ ಬಳಿಯ ಊರಿನಲ್ಲಿದ್ದ ತಂದೆಗೆ ಒಪ್ಪಿಸಿದ. ಮುದುಕ ಮಗ ಸತ್ತನೆಂದು ಊರವರಿಗೆ ಹೇಳಿ ಖಾಲಿ ಸಮಾಧಿ ಕಟ್ಟಿಸಿದ, ಕಾಗದಗಳನ್ನು ಅದರೊಳಗೆ ಇಟ್ಟ. ಕ್ರಾಂತಿ ಗೆದ್ದ ಮೇಲೆ ಹೊರತೆಗೆದ. ಮಗ ಅಷ್ಟರಲ್ಲಿ ನಿಜವಾಗಿಯೂ ಸತ್ತಿದ್ದ.

ಮಧ್ಯಾಹ್ನ ಹೋಂಗ್‌ಕೌ ಭಾಗದ ಉತ್ತರ ಸಿಚುವಾನ್ ರಸ್ತೆಯ ಪಾರ್ಕಿನಲ್ಲಿರುವ ನಾಲ್ಕನೇ ಅಧಿವೇಶನದ ಸ್ಮಾರಕಕ್ಕೆ ಹೋಗಿ. ಮೂಲ ಕಟ್ಟಡ 1932ರ ಜಪಾನಿ ದಾಳಿಯಲ್ಲಿ ನಾಶವಾಯಿತು, ಈಗಿನದು ಹತ್ತಿರದಲ್ಲಿ ಹೊಸದಾಗಿ ಕಟ್ಟಿದ್ದು. 1925ರ ಜನವರಿಯಲ್ಲಿ 994 ಸದಸ್ಯರ ಪರವಾಗಿ ಸೇರಿದ 20 ಮಂದಿ ನಿಯಮದಲ್ಲೊಂದು ಚಿಕ್ಕ ತಿದ್ದುಪಡಿ ಮಾಡಿದರು. 1921ರಲ್ಲಿ ಒಂದೂರಿನಲ್ಲಿ ಘಟಕ ಕಟ್ಟಲು 5 ಮಂದಿ ಬೇಕಿತ್ತು. 1922ರಲ್ಲಿ 3ರಿಂದ 5 ಮಂದಿಯ 'ಗುಂಪು' ಬಂತು. 1925ರಲ್ಲಿ 3 ಮಂದಿ ಇದ್ದಲ್ಲೆಲ್ಲ 'ಶಾಖೆ', ಅದೇ ಪಕ್ಷದ ಮೂಲ ಘಟಕ ಎಂದಾಯಿತು. ಒಂದು ಗಿರಣಿಯಲ್ಲಿ, ಒಂದು ಶಾಲೆಯಲ್ಲಿ ಮೂವರು ಸಿಕ್ಕರೆ ಸಾಕು. ಆ ಮೂರರ ಅಂಕಿ ಇಂದಿಗೂ ಬದಲಾಗಿಲ್ಲ. ಮುಖ್ಯಸ್ಥರ ಹುದ್ದೆಗೆ 'ಪ್ರಧಾನ ಕಾರ್ಯದರ್ಶಿ' ಎಂಬ ಹೆಸರು ಬಂದದ್ದೂ ಇಲ್ಲೇ.

ಮೂರನೇ ದಿನ: ಜಿಯಾಶಿಂಗ್, ದಕ್ಷಿಣ ಸರೋವರ

ಬೆಳಿಗ್ಗೆ ಹೋಗಿ ಸಂಜೆ ಮರಳುವ ದಾರಿ. ಟಿಕೆಟ್ ತೆಗೆಯುವಾಗ ಎಚ್ಚರ. ಅತಿವೇಗದ ರೈಲುಗಳು ನಿಲ್ಲುವ 'ಜಿಯಾಶಿಂಗ್ ದಕ್ಷಿಣ' ನಿಲ್ದಾಣ ಊರಿಂದ ದೂರ. ಬರೀ 'ಜಿಯಾಶಿಂಗ್' ಎಂದಿರುವ, 2021ರಲ್ಲಿ ಹೊಸದಾಗಿ ಕಟ್ಟಿದ ನಿಲ್ದಾಣಕ್ಕೆ ಬಂದರೆ ಸರೋವರಕ್ಕೆ ನಡೆದೇ ಹೋಗಬಹುದು.

1921ರ ಜುಲೈ 30ರ ರಾತ್ರಿ ಶಾಂಘೈಯ ಮೊದಲ ಅಧಿವೇಶನದ ಕೋಣೆಗೆ ಅಪರಿಚಿತನೊಬ್ಬ ತಲೆಹಾಕಿ, ತಪ್ಪು ಮನೆ ಎಂದು ಹೇಳಿ ಹೋದ. ಭೂಗತ ಕೆಲಸದಲ್ಲಿ ನುರಿತ ಮಾರಿಂಗ್ ತಕ್ಷಣ ಸಭೆ ಚದುರಿಸಿದ. ಸ್ವಲ್ಪ ಹೊತ್ತಿಗೆ ಫ್ರೆಂಚ್ ಪೊಲೀಸರು ಬಂದರು. ಪ್ರತಿನಿಧಿ ಲಿ ದಾ ಅವರ ಹೆಂಡತಿ ವಾಂಗ್ ಹುಯಿವು ಈ ಕಡೆಯವರು. ಸರೋವರದಲ್ಲಿ ವಿಹಾರದ ದೋಣಿ ಬಾಡಿಗೆಗೆ ಹಿಡಿಯುವ ಉಪಾಯ ಅವರದೇ. ಒಳಗೆ ಮೇಜಿನ ಮೇಲೆ ಮಾಜಾಂಗ್ ಆಟದ ಕಾಯಿಗಳು, ಹೊರಗೆ ಕಾವಲಿಗೆ ಅವರು. ವಿದೇಶಿಯರಿಬ್ಬರು ಕಣ್ಣಿಗೆ ಬೀಳುತ್ತಾರೆಂದು ಬರಲಿಲ್ಲ. ಈ ದೋಣಿ ಸಭೆ ನಡೆದ ದಿನ ಯಾವುದೆಂದು ಸಂಶೋಧಕರಲ್ಲಿ ಇನ್ನೂ ಒಮ್ಮತವಿಲ್ಲ. ಈಗ ಕಟ್ಟಿ ನಿಲ್ಲಿಸಿರುವ ದೋಣಿ 1959ರ ಪ್ರತಿಕೃತಿ, ಒಳಗೆ ಹತ್ತಲು ಬಿಡುವುದಿಲ್ಲ. ಫೋಟೊ ತೆಗೆದುಕೊಂಡು ಸ್ಮಾರಕ ಭವನದ ಕಡೆ ನಡೆಯಿರಿ.

ನಾಲ್ಕನೇ ದಿನ: ವುಹಾನ್

ಶಾಂಘೈಯಿಂದ ಸುಮಾರು ನಾಲ್ಕು ತಾಸಿನ ರೈಲು. ಭಾರತದಿಂದ ಹೋದವರು ಈ ಊರನ್ನು ಬಿಟ್ಟು ಮುಂದೆ ಹೋಗಬಾರದು. ವುಚಾಂಗ್‌ನ ದುಫು ಏರಿಯಲ್ಲಿ ಐದನೇ ಅಧಿವೇಶನದ ಹಳೆಯ ಶಾಲಾ ಕಟ್ಟಡವಿದೆ. 1927ರ ಏಪ್ರಿಲ್ 27ರಿಂದ ಮೇ 9ರವರೆಗೆ ನಡೆದ ಆ ಅಧಿವೇಶನದಲ್ಲಿ ಕೊಮಿಂಟರ್ನ್ ಪ್ರತಿನಿಧಿಯಾಗಿ ಕುಳಿತಿದ್ದವರು ನಮ್ಮ ಎಂ.ಎನ್. ರಾಯ್. ಸದಸ್ಯರ ಸಂಖ್ಯೆ ಎರಡು ವರ್ಷದಲ್ಲಿ 994ರಿಂದ 57,967ಕ್ಕೆ ಏರಿತ್ತು. ಹೀಗೆ ಊದಿಕೊಂಡ ಪಕ್ಷಕ್ಕೆ ಕಡಿವಾಣ ಬೇಕೆಂದು 7 ಪೂರ್ಣ ಮತ್ತು 3 ಪರ್ಯಾಯ ಸದಸ್ಯರ ಕೇಂದ್ರ ನಿಯಂತ್ರಣ ಸಮಿತಿಯನ್ನು ಆರಿಸಿದರು. ಇಂದು ಮಂತ್ರಿಗಳನ್ನೂ ಜನರಲ್‌ಗಳನ್ನೂ ನಡುಗಿಸುವ ಶಿಸ್ತು ಪರಿಶೀಲನಾ ಆಯೋಗದ ಪೂರ್ವಜ ಅದು. ಜೂನ್ 1ರಂದು ಪಕ್ಷದ ಉನ್ನತ ಮಂಡಳಿಯಾದ ಪಾಲಿಟ್‌ಬ್ಯೂರೊ ತಿದ್ದಿದ ನಿಯಮಾವಳಿಯಲ್ಲಿ ಜನತಾಂತ್ರಿಕ ಕೇಂದ್ರೀಯತೆಯ ತತ್ವ (ಒಳಗೆ ಚರ್ಚೆ, ತೀರ್ಮಾನವಾದ ಮೇಲೆ ಎಲ್ಲರೂ ಅದಕ್ಕೆ ಬದ್ಧ) ಮೊದಲ ಬಾರಿಗೆ ಬಾಯಿಬಿಟ್ಟು ಬಂತು, 18 ವರ್ಷದ ವಯೋಮಿತಿಯೂ ಸೇರಿತು.

ಆದರೆ ಹೊತ್ತು ಮೀರಿತ್ತು. ಅದುವರೆಗೆ ಮಿತ್ರರಾಗಿದ್ದ ರಾಷ್ಟ್ರವಾದಿಗಳ ಸೇನಾನಾಯಕ ಚಿಯಾಂಗ್ ಕೈ-ಶೇಕ್ ಏಪ್ರಿಲ್ 12ರಂದೇ ಶಾಂಘೈಯಲ್ಲಿ ಕತ್ತಿ ಎತ್ತಿಯಾಗಿತ್ತು. ಭೂಮಿ ಹಂಚಿ, ಸ್ವಂತ ಸೇನೆ ಕಟ್ಟಿ ಎಂದು ಸ್ಟಾಲಿನ್ ಕಳಿಸಿದ ಗುಟ್ಟಿನ ತಂತಿಯನ್ನು ರಾಯ್ ವುಹಾನ್ ಸರ್ಕಾರದ ವಾಂಗ್ ಜಿಂಗ್‌ವೇಗೆ ತೋರಿಸಿಬಿಟ್ಟರು. ಜುಲೈ 15ಕ್ಕೆ ವಾಂಗ್ ಕೂಡ ಕಮ್ಯುನಿಸ್ಟರನ್ನು ಹೊರಗಟ್ಟಿದ. ಎಲ್ಲ ತಪ್ಪನ್ನೂ ರಾಯ್ ಮೇಲೆ ಹೊರಿಸುವುದು ಸರಿಯಲ್ಲ, ಒಡಕು ಹೇಗೂ ಬರುತ್ತಿತ್ತು. ನದಿಯಾಚೆ ಹಾಂಕೌನ ಪೊಯಾಂಗ್ ಬೀದಿ 139ರಲ್ಲಿ ಆಗಸ್ಟ್ 7ರಂದು ಕದ ಹಾಕಿಕೊಂಡು ನಡೆದ ಒಂದು ದಿನದ ತುರ್ತು ಸಭೆಯಲ್ಲಿ ಚೆನ್ ದುಷಿಯು ನಾಯಕತ್ವ ಮುಗಿಯಿತು. ಅಧಿಕಾರ ಬಂದೂಕಿನ ನಳಿಗೆಯಿಂದ ಬರುತ್ತದೆ ಎಂಬ ಅರ್ಥದ ಮಾತನ್ನು ಮಾವೋ ಆಡಿದ್ದು ಇಲ್ಲಿ. ಸಭೆಯ ವ್ಯವಸ್ಥೆ ನೋಡಿಕೊಂಡ ಹುಡುಗನ ಹೆಸರು ದೆಂಗ್ ಷಿಯಾವೋಪಿಂಗ್. ವುಹಾನಿನ ಆಗಸ್ಟ್ ಸೆಕೆ ಎಂಥದೆಂದು ಬೇಸಿಗೆಯಲ್ಲಿ ಹೋದವರಿಗೆ ಬೇರೆ ಹೇಳಬೇಕಿಲ್ಲ.

ಐದು ಮತ್ತು ಆರನೇ ದಿನ: ಸಾನ್‌ವಾನ್, ಜಿಂಗ್‌ಗಾಂಗ್ ಬೆಟ್ಟ

ನಾನ್‌ಚಾಂಗ್ ಮೇಲೆ ಜಿಯಾನ್ ಪಶ್ಚಿಮ ನಿಲ್ದಾಣ, ಅಲ್ಲಿಂದ ಕಾರು. ಪ್ಯಾಕೇಜ್ ಬಸ್ಸುಗಳು ನೇರ ಬೆಟ್ಟದ ಮೇಲಿನ ತ್ಸಿಪಿಂಗ್ ಊರಿಗೆ ಒಯ್ಯುತ್ತವೆ. ಸಾನ್‌ವಾನ್ ಹಳ್ಳಿ ಯೋಂಗ್‌ಶಿನ್ ಕೌಂಟಿಯಲ್ಲಿ ಪಕ್ಕಕ್ಕಿದೆ, ಸಾರ್ವಜನಿಕ ಬಸ್ ನಂಬಿದರೆ ದಿನ ಹಾಳು. ಕಾರಿನವರೊಡನೆ ಇಡೀ ದಿನದ ಬಾಡಿಗೆ ಮೊದಲೇ ಮಾತಾಡಿಕೊಳ್ಳಿ.

ಸೋತು ಹಿಮ್ಮೆಟ್ಟಿದ ಮಾವೋ ಪಡೆ 1927ರ ಸೆಪ್ಟೆಂಬರ್ 29ರಂದು ಇಲ್ಲಿಗೆ ಬಂದಾಗ ಐದು ಸಾವಿರದಿಂದ ಸಾವಿರಕ್ಕೂ ಕೆಳಗಿಳಿದಿತ್ತು. ದಿನವೂ ಜನ ಓಡಿಹೋಗುತ್ತಿದ್ದರು. ತೊಂದರೆ ಎಲ್ಲಿತ್ತೆಂದರೆ, ಪಕ್ಷದ ಘಟಕ ರೆಜಿಮೆಂಟ್ ಮಟ್ಟದಲ್ಲಷ್ಟೇ ಇತ್ತು. ಕೆಳಗಿನ ಸಿಪಾಯಿಗೆ ಪಕ್ಷವೆಂದರೆ ಯಾರೋ ಅಧಿಕಾರಿ. ಪಡೆಯನ್ನು ಒಂದೇ ರೆಜಿಮೆಂಟಿಗೆ ಇಳಿಸಿ, ತುಕಡಿಗೊಂದು ಪಕ್ಷದ ಗುಂಪು, ಕಂಪನಿಗೊಂದು ಶಾಖೆ, ಬೆಟಾಲಿಯನ್ನಿಗೂ ರೆಜಿಮೆಂಟಿಗೂ ಸಮಿತಿ ಎಂದು ಹೊಸದಾಗಿ ಜೋಡಿಸಿದರು. ಹೋಗುವವರು ಹೋಗಬಹುದು, ದಾರಿಖರ್ಚು ಕೊಡುತ್ತೇವೆ ಎಂದರು. ಸಿಪಾಯಿಗಳ ಸಮಿತಿಯೂ ಬಂತು, ಅಧಿಕಾರಿ ಹೊಡೆಯುವಂತಿಲ್ಲ ಎಂದಾಯಿತು. ಎರಡು ವಾರದ ನಂತರ ಹುನಾನಿನ ಶುಯಿಕೌನಲ್ಲಿ ಆರು ಸಿಪಾಯಿಗಳನ್ನು ಸದಸ್ಯರಾಗಿ ಸೇರಿಸಿಕೊಂಡರು. ಇವತ್ತಿಗೂ ಚೀನಾದ ಸೇನೆ ದೇಶದ್ದಲ್ಲ, ಪಕ್ಷದ್ದು ಎನ್ನುವುದರ ಬುಡ ಈ ಹಳ್ಳಿಯಲ್ಲಿದೆ.

ಇದೇ ಯೋಂಗ್‌ಶಿನ್‌ನ ರೈತ ಹೆ ಯೆದುವೊ 1931ರಲ್ಲಿ ಪಕ್ಷ ಸೇರುವಾಗ ಕೆಂಪು ಬಟ್ಟೆಯ ಮೇಲೆ ಪ್ರತಿಜ್ಞೆ ಬರೆದ. 24 ಅಕ್ಷರಗಳಲ್ಲಿ 6 ತಪ್ಪು. ಓದು ಬಾರದ ಕೈ ಎಂದು ನೋಡಿದರೇ ಗೊತ್ತಾಗುತ್ತದೆ. ಮೂಲ ಬೀಜಿಂಗಿನ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ.

ಬೆಟ್ಟದ ಮೇಲೆ ಬಾಡಿಗೆಯ ಕೆಂಪುಸೇನೆ ಸಮವಸ್ತ್ರ ತೊಟ್ಟು ಸಾಲಾಗಿ ನಡೆಯುವ ನಡುವಯಸ್ಸಿನವರು ಎದುರಾಗುತ್ತಾರೆ. ನಾಟಕದವರಲ್ಲ, ತರಬೇತಿಗೆ ಬಂದ ಅಧಿಕಾರಿಗಳು. 2005ರಲ್ಲಿ ಪಕ್ಷ ಪುಡೋಂಗ್, ಯಾನಾನ್‌ಗಳ ಜೊತೆಗೆ ಇಲ್ಲೂ ಕಾರ್ಯಕರ್ತರ ಅಕಾಡೆಮಿ ತೆರೆಯಿತು. ಸಸ್ಯಾಹಾರಿಗಳಿಗೆ ಜಿಯಾಂಗ್‌ಶಿ ಅಡುಗೆ ಕಷ್ಟ. ತರಕಾರಿಯೆಂದು ಕೊಟ್ಟದ್ದರಲ್ಲೂ ಹಂದಿ ಕೊಬ್ಬು ಇರಬಹುದು. ಮಾಂಸ, ಪ್ರಾಣಿಕೊಬ್ಬು ಎರಡೂ ಬೇಡವೆಂದು ಚೀನೀ ಲಿಪಿಯಲ್ಲಿ ಬರೆದಿಟ್ಟುಕೊಂಡ ಚೀಟಿ ತೋರಿಸಿ.

ಏಳು ಮತ್ತು ಎಂಟನೇ ದಿನ: ಜುನ್‌ಯಿ, ನಂತರ ರೈಲು

ಜುನ್‌ಯಿ ಊರಿನ ಎರಡಂತಸ್ತಿನ ಮನೆಯಲ್ಲಿ 1935ರ ಜನವರಿ 15ರಿಂದ 17ರವರೆಗೆ 20 ಮಂದಿ ಸೇರಿ ಆಗ ಪಕ್ಷದ ಮುಖ್ಯಸ್ಥನಾಗಿದ್ದ ಬೊ ಗು ಮತ್ತು ಜರ್ಮನ್ ಸಲಹೆಗಾರ ಒಟ್ಟೊ ಬ್ರೌನ್ ಅವರ ಯುದ್ಧನೀತಿಯನ್ನು ತಳ್ಳಿಹಾಕಿದರು. ಮಾವೋ ಪಾಲಿಟ್‌ಬ್ಯೂರೊ ಸ್ಥಾಯಿ ಸಮಿತಿಗೆ ಬಂದರು. ಪಕ್ಷದ ಮುಖ್ಯಸ್ಥನಾದದ್ದು ಮಾತ್ರ ಝಾಂಗ್ ವೆಂಟಿಯಾನ್, ಮ್ಯೂಸಿಯಂನಲ್ಲಿ ಈ ಸಂಗತಿ ಕಣ್ಣಿಗೆ ಬೀಳುವಂತೆ ಇಲ್ಲ. ನೂಕುನುಗ್ಗಲು ಜಾಸ್ತಿ, ಎರಡು ತಾಸು ಸಾಕು. ಮರುದಿನ ಚೋಂಗ್‌ಚಿಂಗ್, ಚೆಂಗ್ದು ಮೇಲೆ ಶಿಯಾನ್‌ಗೆ ರೈಲಿನಲ್ಲೇ ಕಳೆಯುತ್ತದೆ.

ಒಂಬತ್ತು ಮತ್ತು ಹತ್ತನೇ ದಿನ: ಯಾನಾನ್

1937ರ ಜನವರಿಯಿಂದ 1947ರ ಮಾರ್ಚ್‌ವರೆಗೆ ಕೇಂದ್ರ ಸಮಿತಿ ಈ ಮಣ್ಣುಗುಡ್ಡಗಳ ಗುಹೆಮನೆಗಳಲ್ಲಿತ್ತು. ತಾಣಗಳು ಕಣಿವೆಯುದ್ದಕ್ಕೂ ಚದುರಿವೆ. ಮೊದಲ ದಿನ ಚಿಯಾವೋಅರ್‌ಗೌ ಚರ್ಚು ಮತ್ತು ಯಾಂಗ್‌ಜಿಯಾಲಿಂಗ್, ಎರಡನೇ ದಿನ ಬೋರೆ ಹಣ್ಣಿನ ತೋಟ ಮತ್ತು ವಾಂಗ್‌ಜಿಯಾಪಿಂಗ್ ಎಂದು ಹಂಚಿಕೊಳ್ಳಿ.

ಚರ್ಚಿನಿಂದ ಶುರುಮಾಡಲು ಕಾರಣವಿದೆ. 1938ರ ಶರತ್ಕಾಲದಲ್ಲಿ ಇಲ್ಲಿ ನಡೆದ ಕೇಂದ್ರ ಸಮಿತಿಯ ಪ್ಲೀನಂನಲ್ಲಿ (ಪೂರ್ಣ ಸಭೆ) ಮಾವೋ ನಾಲ್ಕು ವಿಧೇಯತೆಗಳನ್ನು ಹೇಳಿದರು. ವ್ಯಕ್ತಿ ಸಂಘಟನೆಗೆ, ಅಲ್ಪಮತ ಬಹುಮತಕ್ಕೆ, ಕೆಳಗಿನವರು ಮೇಲಿನವರಿಗೆ, ಇಡೀ ಪಕ್ಷ ಕೇಂದ್ರಕ್ಕೆ ತಲೆಬಾಗಬೇಕು. ಜನತಾಂತ್ರಿಕ ಕೇಂದ್ರೀಯತೆಯಲ್ಲಿ 'ಕೇಂದ್ರ' ಎಷ್ಟು, 'ಜನತಂತ್ರ' ಎಷ್ಟು ಎಂದು ಲೆಕ್ಕ ಹಾಕುವವರು ಈ ನಾಲ್ಕನ್ನೂ ಒಂದರ ಕೆಳಗೊಂದು ಬರೆದು ನೋಡಲಿ. ಈಗಿನ ನಿಯಮಾವಳಿಯಲ್ಲೂ ಇವು ಹೆಚ್ಚುಕಡಿಮೆ ಹಾಗೇ ಇವೆ.

ಯಾಂಗ್‌ಜಿಯಾಲಿಂಗ್ ಸಭಾಂಗಣದಲ್ಲಿ ಏಳನೇ ಅಧಿವೇಶನ 1945ರ ಏಪ್ರಿಲ್ 23ರಿಂದ ಜೂನ್ 11ರವರೆಗೆ ನಡೆಯಿತು. ಸದಸ್ಯರು 12 ಲಕ್ಷ ದಾಟಿದ್ದರು. ಮಾವೋ ಚಿಂತನೆ ನಿಯಮಾವಳಿಗೆ ಸೇರಿತು. 44 ಮಂದಿಯ ಕೇಂದ್ರ ಸಮಿತಿಯಲ್ಲಿ ಸೋತ ಬಣದ ವಾಂಗ್ ಮಿಂಗ್ 43ನೆಯವ, ಬೊ ಗು 44ನೆಯವ. ಅವರನ್ನೂ ಒಳಗಿಟ್ಟುಕೊಳ್ಳಿ ಎಂದು ಪ್ರತಿನಿಧಿಗಳನ್ನು ಒಪ್ಪಿಸಿದವರು ಮಾವೋ ಅವರೇ.

1942ರಿಂದ ಸದಸ್ಯರ ವಿಚಾರ ತಿದ್ದಲು ನಡೆದ ಚಳವಳಿಯನ್ನು ಮ್ಯೂಸಿಯಂ ಅಧ್ಯಯನದ ಹಬ್ಬದಂತೆ ತೋರಿಸುತ್ತದೆ. ಗೊತ್ತುಮಾಡಿದ 22 ದಾಖಲೆ ಓದು, ಆತ್ಮವಿಮರ್ಶೆ ಬರೆ, ಗುಂಪಿನ ಮುಂದೆ ಓದಿ ಹೇಳು, ಕ್ರಮ ಹೀಗಿತ್ತು. 1943ರಲ್ಲಿ ಪಕ್ಷದ ಗುಪ್ತಚರ ಮುಖ್ಯಸ್ಥ ಕಾಂಗ್ ಶೆಂಗ್ ಕೈಗೆ ಸಿಕ್ಕು ಅದು ಗೂಢಚಾರರ ಬೇಟೆಯಾಯಿತು. ಒತ್ತಡಕ್ಕೆ ಸಾವಿರಾರು ಮಂದಿ ಸುಳ್ಳು ತಪ್ಪೊಪ್ಪಿಗೆ ಕೊಟ್ಟರು, ಕೊನೆಗೆ ಮಾವೋ ಕ್ಷಮೆ ಕೇಳಬೇಕಾಯಿತು. ಟೀಕೆ ಬರೆದ ಲೇಖಕ ವಾಂಗ್ ಶಿವೇಯನ್ನು 1947ರಲ್ಲಿ ಕೊಂದರು. ಪ್ರದರ್ಶನದ ಫಲಕಗಳಲ್ಲಿ ಇದನ್ನು ಹುಡುಕಬೇಡಿ, ಓದಿಕೊಂಡು ಹೋಗಿ.

ಹನ್ನೊಂದನೇ ದಿನ: ಶಿಜಿಯಾಜುವಾಂಗ್, ಶಿಬೈಪೊ

ರಾತ್ರಿಯೇ ಶಿಜಿಯಾಜುವಾಂಗ್ ತಲುಪಿದ್ದರೆ ಬೆಳಿಗ್ಗೆ ಮೊದಲು ಉತ್ತರ ಚೀನಾ ಹುತಾತ್ಮರ ಸ್ಮಶಾನ. ಸೋಲಾಪುರದಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೊಟ್ನಿಸ್ ಸಮಾಧಿ ಇಲ್ಲಿದೆ. ಕನ್ನಡ, ಮರಾಠಿ, ತೆಲುಗು ಬೆರೆತ ಆ ಊರಿನಿಂದ 1938ರಲ್ಲಿ ಭಾರತದ ವೈದ್ಯಕೀಯ ತಂಡದೊಡನೆ ಹೊರಟು, 1939ರಲ್ಲಿ ಯಾನಾನ್ ಸೇರಿ, ಯುದ್ಧದ ಮುಂಚೂಣಿಯಲ್ಲಿ ಕೆನಡಾದ ವೈದ್ಯ ಬೆಥ್ಯೂನ್ ಹೆಸರಿನ ಆಸ್ಪತ್ರೆ ನಡೆಸಿದರು. 1942ರಲ್ಲಿ ಪಕ್ಷದ ಸದಸ್ಯರಾದರು, ಅದೇ ಡಿಸೆಂಬರ್ 9ರಂದು 32ನೇ ವಯಸ್ಸಿನಲ್ಲಿ ತೀರಿಕೊಂಡರು.

ಶಿಬೈಪೊ ಇಲ್ಲಿಂದ ಸುಮಾರು 80 ಕಿ.ಮೀ. ನೋಡುವ ಮನೆಗಳು ಮೂಲದವಲ್ಲ. ಗಾಂಗ್‌ನಾನ್ ಜಲಾಶಯದಲ್ಲಿ ಹಳ್ಳಿ ಮುಳುಗಿತು, ಎತ್ತರದ ಜಾಗದಲ್ಲಿ ಮತ್ತೆ ಕಟ್ಟಿದರು. ಆಣೆಕಟ್ಟಿಗೆ ಊರು ಬಿಟ್ಟುಕೊಟ್ಟವರ ಕಥೆ ನಮಗೆ ಹೊಸದಲ್ಲ.

ಪ್ರಾಂತೀಯ ಸೇನಾನಿಗಳು ತಮ್ಮಿಷ್ಟದಂತೆ ನಡೆಯುವುದನ್ನು ತಡೆಯಲು 1948ರ ಜನವರಿಯಲ್ಲಿ ವರದಿಯ ಕಟ್ಟಳೆ ಬಂತು. ಪ್ರತಿ ಪ್ರಾದೇಶಿಕ ಕೇಂದ್ರದ ಕಾರ್ಯದರ್ಶಿ ಎರಡು ತಿಂಗಳಿಗೊಮ್ಮೆ ತಾನೇ ಕೈಯಾರೆ ವರದಿ ಬರೆಯಬೇಕು, ಸಹಾಯಕರಿಂದ ಬರೆಸುವಂತಿಲ್ಲ; ಸುಮಾರು 1,000 ಅಕ್ಷರ, ಹೆಚ್ಚೆಂದರೆ 2,000. ಆ ಸೆಪ್ಟೆಂಬರಿನಲ್ಲಿ ಶಿಬೈಪೊ ಸಭೆ ಅದನ್ನು ಬಿಗಿಮಾಡಿತು. 1949ರ ಮಾರ್ಚ್ 5ರಿಂದ 13ರವರೆಗೆ ದೊಡ್ಡ ಅಡುಗೆಮನೆಯಲ್ಲಿ ನಡೆದ ಪ್ಲೀನಂ ನಾಯಕರ ಹುಟ್ಟುಹಬ್ಬ ಬೇಡ, ಉಡುಗೊರೆ ಬೇಡ, ಊರುಗಳಿಗೆ ಅವರ ಹೆಸರಿಡುವುದು ಬೇಡ ಎಂದಿತು.

ಹನ್ನೆರಡನೇ ದಿನ: ಬೀಜಿಂಗ್

ಅತಿವೇಗದ ರೈಲಿನಲ್ಲಿ ಒಂದು ತಾಸಿನ ಚಿಲ್ಲರೆ. ಒಲಿಂಪಿಕ್ ಪಾರ್ಕ್ ಬಳಿ 2021ರಲ್ಲಿ ತೆರೆದ ಪಕ್ಷದ ಮ್ಯೂಸಿಯಂ ದೊಡ್ಡದು, ಹಿಂದಿನ ಊರುಗಳನ್ನು ನೋಡಿದವರಿಗೆ ಹೊಸದು ಕಡಿಮೆ. ಈಗಿನ ಶಿಖರ ಹೀಗಿದೆ: ಐದು ವರ್ಷಕ್ಕೊಮ್ಮೆ ಮಹಾಧಿವೇಶನ. 2022ರ 20ನೇ ಅಧಿವೇಶನದಲ್ಲಿ ಆರಿಸಿದ ಕೇಂದ್ರ ಸಮಿತಿಗೆ 205 ಪೂರ್ಣ, 171 ಪರ್ಯಾಯ ಸದಸ್ಯರು. ಅದರ ಮೇಲೆ ಪಾಲಿಟ್‌ಬ್ಯೂರೊ; 2022ರಲ್ಲಿ ಅದಕ್ಕೆ ಆರಿಸಿದ 24 ಮಂದಿಯಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ತುದಿಯಲ್ಲಿ 7 ಮಂದಿಯ ಸ್ಥಾಯಿ ಸಮಿತಿ. ಅವರು ಕೆಲಸ ಮಾಡುವ ಝೋಂಗ್‌ನಾನ್‌ಹಾಯ್ ಆವರಣದೊಳಗೆ ಪ್ರವಾಸಿಗರಿಗೆ ಪ್ರವೇಶವಿಲ್ಲ.

ಬೀದಿಯಲ್ಲಿ ಪಕ್ಷವನ್ನು ಗುರುತಿಸಲು ನಾಮಫಲಕ ನೋಡಿ. ಬಿಳಿ ಹಲಗೆಯ ಮೇಲೆ ಕೆಂಪು ಅಕ್ಷರ ಪಕ್ಷದ ಕಚೇರಿಯದು, ಕಪ್ಪು ಅಕ್ಷರ ಸರ್ಕಾರದ್ದು. ಎರಡೂ ಒಂದೇ ಬಾಗಿಲ ಆಚೀಚೆ ಇರುವುದು ಮಾಮೂಲಿ. ಪ್ರಾಂತ್ಯದಲ್ಲಿ ಗವರ್ನರ್‌ಗಿಂತ ಪಕ್ಷದ ಕಾರ್ಯದರ್ಶಿ ಮೇಲು.

ಸದಸ್ಯರಾಗುವುದು ಅರ್ಜಿ ಹಾಕಿದ ಕೂಡಲೇ ಆಗುವ ಕೆಲಸವಲ್ಲ. ಅರ್ಜಿ ಕೊಟ್ಟ ಒಂದು ತಿಂಗಳೊಳಗೆ ಶಾಖೆಯವರು ಕರೆದು ಮಾತಾಡುತ್ತಾರೆ. ಆಮೇಲೆ ಕನಿಷ್ಠ ಒಂದು ವರ್ಷ ಗಮನಿಸುತ್ತಾರೆ. ಮೂರು ದಿನಕ್ಕೆ ಅಥವಾ 24 ಪಾಠದ ತಾಸುಗಳಿಗೆ ಕಡಿಮೆಯಿಲ್ಲದ ತರಬೇತಿ, ಇಬ್ಬರು ಸದಸ್ಯರ ಶಿಫಾರಸು, ಶಾಖೆಯ ಸಭೆಯಲ್ಲಿ ಮತ, ಮೇಲಿನ ಸಮಿತಿಯ ಒಪ್ಪಿಗೆ, ನಂತರ ಒಂದು ವರ್ಷದ ಪರೀಕ್ಷಾ ಅವಧಿ. ಮೂವರು ಪೂರ್ಣ ಸದಸ್ಯರಿದ್ದರೆ ಶಾಖೆ, ಏಳು ಮಂದಿಯಾದರೆ ಅದಕ್ಕೊಂದು ಸಮಿತಿ, ಸಾಮಾನ್ಯವಾಗಿ 50 ದಾಟುವಂತಿಲ್ಲ. ಕಾನೂನಿನ ಬಲದಿಂದ ಖಾಸಗಿ, ವಿದೇಶಿ ಕಂಪನಿಗಳಲ್ಲೂ ಶಾಖೆಗಳಿವೆ. ಸಂಬಳದಾರರ ಚಂದಾ ಈಗ ಹಗುರ. ತಿಂಗಳಿಗೆ 3,000 ಯುವಾನ್‌ವರೆಗೆ ಶೇ 0.5, 5,000ದವರೆಗೆ ಶೇ 1, 10,000ದವರೆಗೆ ಶೇ 1.5, ಅದಕ್ಕೂ ಮೇಲೆ ಶೇ 2. ಆರು ತಿಂಗಳು ಕಾರಣವಿಲ್ಲದೆ ಕಟ್ಟದಿದ್ದರೆ ತಾನಾಗಿ ಪಕ್ಷ ಬಿಟ್ಟಂತೆ. 1922ರವರು ಮೂರೇ ತಿಂಗಳಿಗೆ ಹೊರಹಾಕುತ್ತಿದ್ದರು.

ಕೊನೆಗೆ ತಿಯಾನನ್ಮೆನ್. ಚೌಕಕ್ಕೆ ಕಾಲಿಡಲೂ ಈಗ ಮುಂಗಡ ನೋಂದಣಿ ಬೇಕು, ಮಾವೋ ಸ್ಮಾರಕಕ್ಕೆ ಬೇರೆಯದೇ. ಸತ್ತ ಮೇಲೆ ಸುಡಬೇಕೆಂದು 1956ರಲ್ಲಿ ಸಹಿ ಹಾಕಿದವರಲ್ಲಿ ಅವರೂ ಒಬ್ಬರು, ದೇಹವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟವರು ಉತ್ತರಾಧಿಕಾರಿಗಳು. ಸೋಮವಾರ ರಜೆ, ಬೆಳಿಗ್ಗೆ ಬೇಗ ಹೋಗುವುದು ಲೇಸು. ಚೀಲ, ಕ್ಯಾಮೆರಾ, ನೀರಿನ ಬಾಟಲಿ ಒಳಗೆ ಬಿಡುವುದಿಲ್ಲ, ಹೋಟೆಲಿನಲ್ಲೇ ಇಟ್ಟು ಬಂದರೆ ಒಂದು ಸಾಲು ನಿಲ್ಲುವುದು ತಪ್ಪುತ್ತದೆ. ಎದುರಿನ ಜನತಾ ಮಹಾಭವನ ಸಭೆಗಳಿದ್ದಾಗ ಮುಚ್ಚಿರುತ್ತದೆ. ಮಾರ್ಚ್ ಮೊದಲ ಎರಡು ವಾರ ವಾರ್ಷಿಕ ಅಧಿವೇಶನದ ಕಾಲ, ಭವನದ ಒಳಗೆ ಹೋಗಿ ನೋಡುವ ಆಸೆಯಿದ್ದರೆ ಆ ದಿನಗಳನ್ನು ಬಿಟ್ಟು ಬನ್ನಿ.